ಫೆನಿ ಭಟ್ಟಿಯ ಹಿಪ್ಪೆ, ನಮ್ಮ ಕೊಟ್ಟಿಗೆಯ ದಾಣಿ

ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಮಾರ್ಚ್‌ನಿಂದ ಮೇ ವರೆಗೆ ಗೇರುಹಣ್ಣಿನದೇ ಘಮ. ಹಣ್ಣನ್ನು ಕೊಳಂಬಿಯಲ್ಲಿ, ಅಂದರೆ ಬಂಡೆಯಲ್ಲಿ ಕೊರೆದ ತೊಟ್ಟಿಯಲ್ಲಿ, ತುಳಿದು ಹಿಂಡಿ, ರಸವನ್ನು ಹುಳಿಯಲು ಬಿಟ್ಟು ಭಟ್ಟಿಗೆ ಏರಿಸುತ್ತಾರೆ. ಹೀಗೆ ಇಳಿಸುವ ಮದ್ಯವಾದ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿತು. ರಸ ಹಿಂಡಿ ಉಳಿದ ಹಿಪ್ಪೆಗೆ ಮಾತ್ರ ತಿಪ್ಪೆಯೇ ಗತಿ.

ಖಾನಾಪುರದ ಕಡೆಯಿಂದ ಬಂದು ವಾಳಪೈ ಹತ್ತಿರ ಹಸು ಸಾಕುತ್ತಿರುವ ನನಗೆ, ಚೋರ್ಲಾ ಘಾಟಿ ಇಳಿದು ಬರುವ ಹಿಂಡಿಯ ಬೆಲೆ ಕೇಳಿದಾಗಲೆಲ್ಲ ಆ ರಾಶಿಯ ಮೇಲೆ ಕಣ್ಣು ಹೋಗುತ್ತಿತ್ತು. ಹಳೆಯ ಗೋವಾದ ಎಲಾದಲ್ಲಿರುವ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯವರು ಇದನ್ನು ಕೋಳಿ ಆಹಾರದಲ್ಲಿ ಬಳಸಿ ನೋಡಿದ್ದಾರೆ ಎಂದು ತಿಳಿದ ಮೇಲೆ ಧೈರ್ಯ ಬಂತು.

ಇದರಲ್ಲಿ ಎಲ್ಲವೂ ಹೊತ್ತಿನ ಲೆಕ್ಕ. ಹಿಂಡಿದ ಹಿಪ್ಪೆಯಲ್ಲಿ ನೀರು, ಸಕ್ಕರೆ ಎರಡೂ ಉಳಿದಿರುವುದರಿಂದ ಮರುದಿನಕ್ಕೇ ಹುಳಿಯುತ್ತದೆ. ಹುಳಿತ ರಾಶಿಗೆ ಬಾಯಿ ಹಾಕಿದ ದನ ಮೇವು ಬಿಟ್ಟು ಮಲಗುತ್ತದೆ. ಹಾಗಾಗಿ ತಂದ ದಿನವೇ ತಾಡಪತ್ರಿಯ ಮೇಲೆ ತೆಳ್ಳಗೆ ಹರವುತ್ತೇನೆ, ಆಗಾಗ ಕೈಯಾಡಿಸುತ್ತೇನೆ. ಚೂರೊಂದನ್ನು ಬಾಗಿಸಿದರೆ ಚಟಕ್ಕನೆ ಮುರಿಯಬೇಕು. ಚರ್ಮದಂತೆ ಬಾಗಿದರೆ ಇನ್ನೂ ಬಿಸಿಲು ಬೇಕು. ಅರೆ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಬೂಷ್ಟು ಕಂಡ ಚೀಲವನ್ನು ಗೊಬ್ಬರದ ಗುಂಡಿಗೆ ಸುರಿಯುತ್ತೇನೆ, ಅದರಲ್ಲಿ ಆರಿಸುವ ಮಾತಿಲ್ಲ.

ಮೇ ತಿಂಗಳಲ್ಲಿ ಮೋಡ ಕಟ್ಟಿದರೆ ಒಣಗಿಸುವ ಕೆಲಸ ಆಗದು. ಆಗ ಕತ್ತರಿಸಿದ ಭತ್ತದ ಹುಲ್ಲು ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ರಸಮೇವು (ಸೈಲೇಜ್, ಗಾಳಿ ತಾಗದಂತೆ ಮುಚ್ಚಿ ಹದವಾಗಿ ಹುಳಿಸಿದ ಮೇವು) ಮಾಡುತ್ತೇನೆ. ಮಿಶ್ರಣವನ್ನು ಮುಷ್ಟಿಯಲ್ಲಿ ಅಮುಕಿದಾಗ ಅಂಗೈ ಒದ್ದೆಯಾಗಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಇನ್ನಷ್ಟು ಹುಲ್ಲು. ಗಾಳಿಯಾಡದಂತೆ ತುಳಿದು ತುಂಬಿ, ಮುಚ್ಚಿ, ತಿಂಗಳು ಕಳೆದ ಮೇಲೆ ತೆರೆಯುತ್ತೇನೆ. ಹುಳಿ ಮಜ್ಜಿಗೆಯ ವಾಸನೆ ಬಂದರೆ ಕೆಲಸ ಗೆದ್ದಂತೆ. ಹೆಂಡದ ವಾಸನೆ ಬಂದರೆ ಸುತ್ತಮುತ್ತಲಿನವರಿಗೆ ಸಂತೋಷವಾದೀತು, ಹಸುವಿಗಲ್ಲ.

ಒಣ ಹಿಪ್ಪೆಯನ್ನು ಪುಡಿ ಮಾಡಿ ಗೋಧಿ ಬೂಸಾ, ಶೇಂಗಾ ಹಿಂಡಿಯೊಂದಿಗೆ ಕಲಸುತ್ತೇನೆ. ಹಸುವಿಗೆ ಮೊದಲು ಒಂದು ಹಿಡಿ, ವಾರದಲ್ಲಿ ಏರಿಸುತ್ತ ಹೆಚ್ಚೆಂದರೆ ಒಂದು ಕಿಲೋ. ಹಣ್ಣಿನ ಒಗರಿಗೆ ಕಾರಣವಾದ ಟ್ಯಾನಿನ್ ಹಿಪ್ಪೆಯಲ್ಲೂ ಇರುತ್ತದೆ. ಅತಿಯಾದರೆ ಹಸು ಮೂಸಿ ಮುಖ ತಿರುಗಿಸುತ್ತದೆ, ತಿಂದ ಪ್ರೋಟೀನೂ ಸರಿಯಾಗಿ ದಕ್ಕುವುದಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸುವುದಿಲ್ಲ. ಎಳೆ ಕರುಗಳಿಗೆ ಇದನ್ನು ಹಾಕುವುದೇ ಇಲ್ಲ.

ಹಾಲು ಹೊಳೆಯಾಗಿ ಹರಿಯಿತೇ ಎಂದು ಕೇಳುವವರಿದ್ದಾರೆ. ಇಲ್ಲ. ಪ್ರೋಟೀನಿನಲ್ಲಿ ಇದು ಶೇಂಗಾ ಹಿಂಡಿಯ ಹತ್ತಿರಕ್ಕೂ ಬಾರದು. ಇಳಿದದ್ದು ಬೂಸಾದ ಖರ್ಚು, ಅದೂ ಮಳೆಗಾಲದಲ್ಲಿ. ಆಗ ಹಸಿ ಹುಲ್ಲು ಬೇಕಾದಷ್ಟಿದ್ದರೂ ಅದರಲ್ಲಿ ನೀರೇ ಹೆಚ್ಚು, ಒಣ ಮೇವಿಗೆ ಚಿನ್ನದ ಬೆಲೆ.

ಮೊದಲು ‘ಒಯ್ದರೆ ಉಪಕಾರ’ ಎನ್ನುತ್ತಿದ್ದ ಭಟ್ಟಿಯವರು ಈಗ ಬುಟ್ಟಿಗೆ ಇಷ್ಟು ಎಂದು ದರ ಹೇಳುತ್ತಾರೆ. ಕೊಡುತ್ತೇನೆ, ಆದರೆ ಅಂದು ಬೆಳಿಗ್ಗೆ ಹಿಂಡಿದ್ದಕ್ಕೆ ಮಾತ್ರ.