ಮಂಗಳೂರಲ್ಲಿ ನಾಲ್ಕು ರಾತ್ರಿ: ಓಡಾಡಿ ಸುಸ್ತಾಗದೆ ಆರಾಮಾಗಿ ಇದ್ದು ಬರೋದು ಹೇಗೆ

ಮಂಗಳೂರಿಗೆ ನಾವು ಮೊದಲನೇ ಸಲ ಹೋಗಿದ್ದು ಬೆಂಗಳೂರಿಂದ ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು, ಹದಿಮೂರು ಜನ, ಎರಡೇ ದಿನದಲ್ಲಿ ಧರ್ಮಸ್ಥಳ ಸುಬ್ರಹ್ಮಣ್ಯ ಕಟೀಲು ಉಡುಪಿ ಮುರುಡೇಶ್ವರ ಎಲ್ಲಾ ಮುಗಿಸೋ ಪ್ಲ್ಯಾನು, ಮಂಗಳೂರು ಅಂದ್ರೆ ರಾತ್ರಿ ಮಲಗೋಕೆ ಒಂದು ಲಾಡ್ಜು ಅಷ್ಟೇ. ಪಣಂಬೂರು ಬೀಚಿಗೆ ಹೋಗೋ ಹೊತ್ತಿಗೆ ಅಮ್ಮನ ಕಾಲು ಊದ್ಕೊಂಡಿತ್ತು, ಗಾಡಿಯಿಂದ ಇಳೀಲೇ ಇಲ್ಲ, ಕಿಟಕಿಯಿಂದಾನೇ ಸಮುದ್ರ ನೋಡಿದ್ರು. ಆಮೇಲೆ ಮೂರು ಸಲ ಹೋಗಿದೀವಿ, ಪ್ರತಿ ಸಲಾನೂ ನಾಲ್ಕು ರಾತ್ರಿ, ಒಂದೇ ಕಡೆ ರೂಮು. ಹೋಗ್ಬೇಕು ಅಂತಿರೋರಿಗೆ ಉಪಯೋಗ ಆಗ್ಲಿ ಅಂತ ನಾವು ಹೇಗೆ ಮಾಡ್ತೀವಿ ಅನ್ನೋದನ್ನ ಬರೀತಿದೀನಿ.

ಮೊದಲು ಒಂದು ವಿಷಯ ಮನಸಲ್ಲಿ ಗಟ್ಟಿ ಮಾಡ್ಕೊಳ್ಳಿ, ದಿನಕ್ಕೆ ಒಂದೇ ಕಡೆ ಹೋಗೋದು, ಮತ್ತೆ ಮಧ್ಯಾಹ್ನ 1ರಿಂದ 4ರ ತನಕ ಏನೂ ಇಟ್ಕೊಳ್ಳದೇ ಇರೋದು. ಇದು ಸೋಮಾರಿತನ ಅಲ್ಲ. ಕರಾವಳಿ ಸೆಖೆ ನಮ್ಮ ಬಯಲುಸೀಮೆ ಬಿಸಿಲಿನ ಥರ ಅಲ್ಲ, ಬೆವರು ಆರೋದೇ ಇಲ್ಲ, ಗಂಟೆ ಎರಡಾಗೋಷ್ಟರಲ್ಲಿ ಮಕ್ಕಳು ವಯಸ್ಸಾದವರು ಇಬ್ರೂ ಕೈಚೆಲ್ಲಿ ಕೂತ್ಬಿಡ್ತಾರೆ. ಸುಮಾರು ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕಿರ್ತಾರೆ, ಬೀಚಲ್ಲಿ ಮರಳು ಕಾದಿರುತ್ತೆ. ಊರಿನವರೂ ಆ ಹೊತ್ತಲ್ಲಿ ಕುಚಲಕ್ಕಿ ಊಟ ಮಾಡಿ ಫ್ಯಾನ್ ಕೆಳಗೆ ಮಲಗಿರ್ತಾರೆ, ನೀವೂ ಮಲಗಿ. ಬೆಳಗ್ಗೆ ಏಳಕ್ಕೆ ಹೊರಟು ಒಂದರೊಳಗೆ ವಾಪಸ್ ಬಂದ್ರೆ, ಸಂಜೆ ಸಮುದ್ರಕ್ಕೆ ಹೋಗೋಕೆ ಮೈಯಲ್ಲಿ ಶಕ್ತಿ ಉಳಿದಿರುತ್ತೆ.

ಯಾವಾಗ ಹೋಗೋದು ಅಂದ್ರೆ ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ಆದ್ಮೇಲೆ ಸೆಖೆ ಜೋರು. ಜೂನ್‌ನಿಂದ ಸೆಪ್ಟೆಂಬರ್ ಮಳೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಬೀಳೋ ಊರು ಅದು. ಮಳೆಗಾಲದಲ್ಲಿ ಕರಾವಳಿ ಹಸಿರು ನೋಡೋಕೆ ಎರಡು ಕಣ್ಣು ಸಾಲದು, ಆದ್ರೆ ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇರಲ್ಲ, ಶಿರಾಡಿ ಘಾಟಲ್ಲಿ ಗುಡ್ಡ ಕುಸಿದ್ರೆ ರಸ್ತೆ ಬಂದ್ ಆಗುತ್ತೆ. ಇನ್ನೊಂದು, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆ ಎರಡು ತಿಂಗಳು ನಾಡದೋಣಿಯವರು ತಂದಿದ್ದೇ ತಾಜಾ ಮೀನು, ರೇಟೂ ಜಾಸ್ತಿ. ಮೀನಿಗೋಸ್ಕರಾನೇ ಹೋಗೋರು ಇದನ್ನ ನೆನಪಲ್ಲಿ ಇಟ್ಕೊಳ್ಳಿ. ದಸರಾ ಟೈಮಲ್ಲಿ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದ ಶಾರದೆ, ನವದುರ್ಗೆಯರನ್ನ ನೋಡ್ಬೇಕು ಅಂದ್ರೆ ರೂಮು ತುಂಬಾ ಮುಂಚೆ ಹಿಡೀಬೇಕು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನ ಅದು, ಬೇರೆ ದಿನಗಳಲ್ಲಿ ರಾತ್ರಿ ಊಟ ಆದ್ಮೇಲೂ ಆರಾಮಾಗಿ ಆ ಕಡೆ ಒಂದು ಸುತ್ತು ಹೋಗ್ಬಹುದು.

ಹೋಗೋದಕ್ಕೆ ನನ್ನ ಓಟು ರೈಲಿಗೆ. ಬೆಂಗಳೂರಿಂದ ರಸ್ತೇಲಿ 350 ಕಿಲೋಮೀಟರ್ ಅಂದ್ರೂ ಘಾಟಿ ದಾಟೋದರಲ್ಲೇ ಡ್ರೈವರ್ ಸುಸ್ತು, ಮೊದಲನೇ ದಿನ ಅಲ್ಲೇ ಹೋಯ್ತು. ರಾತ್ರಿ ರೈಲು ಹತ್ತಿದ್ರೆ ಬೆಳಗ್ಗೆ ಊರಲ್ಲಿರ್ತೀರ. ಹಗಲು ರೈಲು ಸಿಕ್ಕಿದ್ರೆ ಬಿಡಬೇಡಿ, ಸಕಲೇಶಪುರ ದಾಟಿದ್ಮೇಲೆ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ, ಒಂದು ಕಡೆ ಕಾಡು ಇನ್ನೊಂದು ಕಡೆ ಕಣಿವೆ, 2021ರಿಂದ ಇದರಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದಾರೆ. ಹಗಲು ರೈಲು ಎಲ್ಲಾ ದಿನ ಇರಲ್ಲ, ಲೈನ್ ಕೆಲಸ ಇದ್ದಾಗ ನಿಲ್ಲಿಸ್ತಾರೆ ಕೂಡ, ಆದ್ರಿಂದ ಮೊದಲು ರೈಲಿನ ದಿನ ನೋಡಿ ಆಮೇಲೆ ರಜೆ ಹಾಕಿ. ಬುಕಿಂಗ್ 60 ದಿನ ಮುಂಚೆ ಓಪನ್ ಆಗುತ್ತೆ. ಟಿಕೆಟಲ್ಲಿ ಮಂಗಳೂರು ಸೆಂಟ್ರಲ್ ಅಂತಿದೆಯೋ ಜಂಕ್ಷನ್ ಅಂತಿದೆಯೋ ಸರಿಯಾಗಿ ನೋಡಿ, ಎರಡೂ ಬೇರೆ ಬೇರೆ ಕಡೆ, ಸೆಂಟ್ರಲ್ ಊರೊಳಗೆ, ಜಂಕ್ಷನ್ ಕಂಕನಾಡಿ ಪಡೀಲ್ ಕಡೆ, ಮಧ್ಯೆ ಐದಾರು ಕಿಲೋಮೀಟರ್.

ರೂಮು ಎಲ್ಲಿ ಮಾಡೋದು? ಬೀಚ್ ರೆಸಾರ್ಟ್ ಅಂತ ಎಲ್ಲರ ಮನಸು ಹೋಗುತ್ತೆ, ನಮ್ದೂ ಹೋಗಿತ್ತು, ಆದ್ರೆ ಅಲ್ಲಿ ಉಳ್ಕೊಂಡ್ರೆ ಪ್ರತಿ ಊಟಕ್ಕೂ ಅವರ ಹೋಟೆಲ್ಲೇ ಗತಿ, ಮಂಗಳೂರಿಗೆ ಹೋಗಿ ಊರಿನ ತಿಂಡಿ ತಿನ್ನದೇ ಬರೋದು ನನಗಂತೂ ಆಗಲ್ಲ. ಹಂಪನಕಟ್ಟೆ, ಬಿಜೈ, ಕದ್ರಿ, ಲಾಲ್‌ಬಾಗ್ ಈ ಸುತ್ತಮುತ್ತ ಹಿಡೀರಿ. ಕೆಎಸ್ಸಾರ್ಟಿಸಿ ಬಸ್ ಸ್ಟ್ಯಾಂಡ್ ಬಿಜೈಲಿದೆ, ಸಿಟಿ ಬಸ್ಸು ಮತ್ತೆ ಸುತ್ತಮುತ್ತಲ ಊರಿನ ಪ್ರೈವೇಟ್ ಬಸ್ಸು ಹೊರಡೋದು ಸ್ಟೇಟ್ ಬ್ಯಾಂಕ್ ಅಂತಾರಲ್ಲ ಅಲ್ಲಿಂದ (ಬ್ಯಾಂಕ್ ಹುಡುಕಬೇಡಿ, ಸ್ಟಾಪಿನ ಹೆಸರೇ ಅದು). ಬಸ್ಸುಗಳಿಗೆ ನಂಬರ್ ಇರುತ್ತೆ, ಕಂಡಕ್ಟರ್ ಊರಿನ ಹೆಸರು ಕೂಗ್ತಿರ್ತಾರೆ, ಕೇಳಿದ್ರೆ ಸರಿಯಾದ ಬಸ್ಸಿಗೆ ಹತ್ತಿಸ್ತಾರೆ. ಆಟೋದವರು ಮೀಟರ್ ಹಾಕ್ತಾರೆ, ಬೆಂಗಳೂರಿಂದ ಹೋದವರಿಗೆ ಅದೇ ಒಂದು ದೊಡ್ಡ ಸಮಾಧಾನ. ಮಾತಿಗೆ ತೊಂದ್ರೆ ಇಲ್ಲ, ತುಳು ಕೊಂಕಣಿ ಬ್ಯಾರಿ ಮನೆಮಾತು ಏನಿದ್ರೂ ಕನ್ನಡ ಎಲ್ಲರಿಗೂ ಬರುತ್ತೆ, ಮತ್ತೆ ಅವರ ಕನ್ನಡ ಎಷ್ಟು ಸ್ಪಷ್ಟ ಅಂದ್ರೆ ನಾವು ನಮ್ಮ ಬಾಯಿ ಸರಿ ಮಾಡ್ಕೋಬೇಕು ಅನ್ಸುತ್ತೆ. ಊಟದ ಹೊತ್ತಲ್ಲಿ ಯಾರಿಗಾದ್ರೂ "ಒಣಸ್ ಆಂಡಾ?" (ತುಳುವಲ್ಲಿ ಊಟ ಆಯ್ತಾ ಅಂತ) ಕೇಳಿ ನೋಡಿ, ಮುಖ ಅರಳುತ್ತೆ.

ಮೊದಲನೇ ದಿನ ಊರೊಳಗೇ ಇರಿ. ಬಾವುಟಗುಡ್ಡದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಬೆಳಗ್ಗೇನೇ ಹೋಗಿ, ಗೋಡೆ ಛಾವಣಿ ತುಂಬಾ ಇಟಲಿಯ ಆಂಟೋನಿಯೋ ಮೊಸ್ಕೇನಿ ಅನ್ನೋ ಜೆಸ್ವಿಟ್ ಬ್ರದರ್ ಸುಮಾರು 1900ರ ಹೊತ್ತಿಗೆ ಬರೆದ ಚಿತ್ರಗಳು. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಒಳ್ಳೇದೇ ಆಯ್ತು, ಬೆಂಚಲ್ಲಿ ಕೂತು ತಲೆ ಎತ್ತಿ ನೋಡ್ತಾ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಅಲ್ಲಿಂದ ಕದ್ರಿ ಮಂಜುನಾಥ ದೇವಸ್ಥಾನ. ದೇವರ ದರ್ಶನ ಮಾಡಿ ಹಾಗೇ ಹೊರಡಬೇಡಿ, ಅಲ್ಲಿರೋ ಲೋಕೇಶ್ವರನ ಕಂಚಿನ ವಿಗ್ರಹ ಎಲ್ಲಿ ಅಂತ ಕೇಳಿ ನೋಡಿ, 968ನೇ ಇಸವಿಯ ಶಾಸನ ಇದೆ ಅದರ ಪೀಠದಲ್ಲಿ, ಸಾವಿರ ವರ್ಷ ದಾಟಿದ ಕಂಚು. ಇಷ್ಟು ಸಾಕು ಬೆಳಗ್ಗೆಗೆ. ನಮ್ಮ ಮೊದಲನೇ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಶುರುವಾಗಿದ್ದು ಇದೇ ಊರಲ್ಲಿ, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇಲ್ಲೇ ಬಾಸೆಲ್ ಮಿಷನ್ ಪ್ರೆಸ್ಸಲ್ಲಿ, ಕನ್ನಡ ಓದೋ ನಮಗೆ ಈ ಊರಿನ ಋಣ ಇದೆ, ಮಕ್ಕಳಿಗೆ ಈ ಬೀದಿಗಳಲ್ಲಿ ನಡೀತಾ ಇದನ್ನ ಹೇಳಿ.

ಸಂಜೆ ನಾಲ್ಕೂವರೆಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಕಟ್ಟಿಸಿದ ಕಾವಲು ಗೋಪುರ, ಐದು ನಿಮಿಷ ನೋಡಿ ಸಾಕು, ಅಸಲಿ ಖುಷಿ ಅದರ ಪಕ್ಕದ ಕಡವಿನಲ್ಲಿ. ಅಲ್ಲಿಂದ ದೋಣಿ ಗುರುಪುರ ನದಿ ದಾಟಿಸಿ ತಣ್ಣೀರುಬಾವಿ ಕಡೆ ಬಿಡುತ್ತೆ, ಆ ಕಡೆ ದಡದಿಂದ ಸ್ವಲ್ಪ ನಡೆದ್ರೆ ಸಮುದ್ರ. ಒಂದು ಕಡೆ ನದಿ ಒಂದು ಕಡೆ ಸಮುದ್ರ, ಮಧ್ಯೆ ಸಣ್ಣ ಪಟ್ಟಿ ಥರ ಜಾಗ. ಎರಡನೇ ಸಲ ಹೋದಾಗ ಅಮ್ಮ ಇಲ್ಲಿ ಸೀರೆ ಎತ್ತಿ ಹಿಡ್ಕೊಂಡು ಮೊಣಕಾಲು ತನಕ ನೀರಲ್ಲಿ ನಿಂತಿದ್ರು, ಸೂರ್ಯ ಮುಳುಗಿದ್ರೂ ಬರ್ತೀನಿ ಅನ್ಲಿಲ್ಲ. ಒಂದು ಎಚ್ಚರ, ಇಳಿಯೋವಾಗ್ಲೇ ದೋಣಿಯವರ ಹತ್ರ ಕೊನೇ ಟ್ರಿಪ್ ಎಷ್ಟೊತ್ತಿಗೆ ಅಂತ ಕೇಳ್ಕೊಳ್ಳಿ, ತಪ್ಪಿಸ್ಕೊಂಡ್ರೆ ಕೂಳೂರು ಸೇತುವೆ ಮೇಲಿಂದ ಸುತ್ತಿ ಬರ್ಬೇಕು. ಇನ್ನೊಂದು ಎಚ್ಚರ ಎಲ್ಲಾ ಬೀಚಿಗೂ, ಲೈಫ್‌ಗಾರ್ಡ್ ಬೇಡ ಅಂದ ಕಡೆ ಇಳೀಬೇಡಿ, ಸೋಮೇಶ್ವರದ ಬಂಡೆಗಳ ಹತ್ರ ಅಂತೂ ನೋಡೋಕೆ ಮಾತ್ರ ಹೋಗಿ, ದೇವಸ್ಥಾನ ಸೂರ್ಯಾಸ್ತ ಎರಡೂ ಚೆನ್ನ, ನೀರು ಒಳ್ಳೇದಲ್ಲ.

ಎರಡನೇ ದಿನಕ್ಕೆ ಮೂಡಬಿದಿರೆ ಕಾರ್ಕಳ. ಇದನ್ನ ಬಿಟ್ಟು ಬರೋರು ತುಂಬಾ ಜನ, ನನಗೆ ಅದೇ ಬೇಜಾರು. ಒಂದೇ ರಸ್ತೇಲಿ ಎರಡೂ ಸಿಗುತ್ತೆ, ಮೂಡಬಿದಿರೆ ಸುಮಾರು 35 ಕಿಲೋಮೀಟರ್, ಕಾರ್ಕಳ 50ರ ಹತ್ರ. ಮೊದಲು ದೂರದ ಕಾರ್ಕಳಕ್ಕೆ ಹೋಗಿ, ಎಂಟು ಗಂಟೆಯೊಳಗೆ ಅಲ್ಲಿರೋ ಹಾಗೆ, ಯಾಕಂದ್ರೆ ಗೊಮ್ಮಟನ ಗುಡ್ಡ ಪೂರ್ತಿ ಬಂಡೆ, ಬರಿಗಾಲಲ್ಲಿ ಹೋಗ್ಬೇಕು, ಹತ್ತು ಗಂಟೆ ಆದ್ರೆ ಪಾದ ಸುಡುತ್ತೆ. ವಿಗ್ರಹ 42 ಅಡಿ ಎತ್ತರ, ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ್ದು. ಎದುರು ಚಿಕ್ಕ ಗುಡ್ಡದ ಮೇಲೆ ಚತುರ್ಮುಖ ಬಸದಿ, 1586ರದ್ದು, ನಾಲ್ಕು ದಿಕ್ಕಿಗೂ ಒಂದೇ ಥರ ಬಾಗಿಲು, ಒಳಗೆ ತಣ್ಣಗಿರುತ್ತೆ, ಅಲ್ಲಿ ಕೂತು ಗೊಮ್ಮಟನ ಕಡೆ ನೋಡ್ತಾ ಸ್ವಲ್ಪ ಹೊತ್ತು ಕಳೀರಿ. ವಾಪಸ್ ಬರ್ತಾ ಮೂಡಬಿದಿರೆಯ ಸಾವಿರ ಕಂಬದ ಬಸದಿ, 1430ರಲ್ಲಿ ಶುರುವಾದ ಕೆಲಸ, ಕಂಬ ಒಂದರ ಥರ ಇನ್ನೊಂದಿಲ್ಲ ಅಂತಾರೆ, ಮಕ್ಕಳಿದ್ರೆ ಅದನ್ನೇ ಆಟ ಮಾಡಿ, ಒಂದೇ ಥರದ ಎರಡು ಕಂಬ ಹುಡುಕ್ರೋ ಅಂತ ಬಿಟ್ಬಿಡಿ. ಮಂಟಪದ ಬುಡದಲ್ಲಿ ಜಿರಾಫೆ ಕೆತ್ತನೆ ಕೂಡ ಇದೆ. ತುಳುನಾಡಿನ ಕಲ್ಲಲ್ಲಿ ಜಿರಾಫೆ! ಸಮುದ್ರದ ವ್ಯಾಪಾರ ಎಷ್ಟು ದೂರದ ಸುದ್ದಿ ಇಲ್ಲಿಗೆ ತಂದಿತ್ತು ಅಂತ ಆಗ ಅರ್ಥ ಆಗುತ್ತೆ. ಟ್ಯಾಕ್ಸಿಯವರು ಹೇಗೂ ಬಂದಿದೀರ, ವೇಣೂರು, ಕಟೀಲು ಎಲ್ಲಾ ಮುಗಿಸಿಬಿಡೋಣ ಅಂತಾರೆ. ಬೇಡ ಅನ್ನಿ.

ಮೂರನೇ ದಿನ ಉಡುಪಿ ಮಲ್ಪೆ, 55-60 ಕಿಲೋಮೀಟರ್, ಎಕ್ಸ್‌ಪ್ರೆಸ್ ಬಸ್ಸು ಸಾಲಾಗಿ ಸಿಗುತ್ತೆ. ಇಲ್ಲಿ ಮಾತ್ರ ದಿನ ಸ್ವಲ್ಪ ಉದ್ದ ಆಗುತ್ತೆ, ಅದಕ್ಕೇ ಮೊದಲು ದ್ವೀಪ, ಆಮೇಲೆ ಮಠ. ಬೆಳಗ್ಗೆ ಮಲ್ಪೆಯಿಂದ ಬೋಟ್, ಜನ ತುಂಬಿದ್ಮೇಲೆ ಹೊರಡುತ್ತೆ, ಸಮುದ್ರ ಜೋರಿದ್ರೆ ಹೊರಡೋದೇ ಇಲ್ಲ. ಸೇಂಟ್ ಮೇರೀಸ್‌ನ ಕಲ್ಲುಗಳು ಯಾರೋ ಕೂತು ಕಡಿದು ಜೋಡಿಸಿಟ್ಟ ಕಂಬಗಳ ಹಾಗಿವೆ, ಲಾವಾ ತಣ್ಣಗಾಗ್ತಾ ಬಿರುಕು ಬಿಟ್ಟು ಆದ ಆಕಾರ ಅದು, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು, ಎಂಟೂವರೆ ಕೋಟಿ ವರ್ಷಕ್ಕಿಂತ ಹಿಂದಿನ ಮಾತು. ಟೋಪಿ, ನೀರು, ಜಾರದ ಚಪ್ಪಲಿ ಬೇಕೇ ಬೇಕು, ಚಿಪ್ಪು ಕಾಲು ಕೊಯ್ಯುತ್ತೆ. ಆಮೇಲೆ ಕೃಷ್ಣ ಮಠದಲ್ಲಿ ಕನಕನ ಕಿಂಡಿ, ರಥಬೀದಿ, ಊಟ. ಊಟ ಆದ್ಮೇಲೆ ಬಸ್ಸಲ್ಲಿ ನಿದ್ದೆ.

ನಾಲ್ಕನೇ ದಿನ ನಿಮ್ಮ ಇಷ್ಟ. ಮಕ್ಕಳಿದ್ರೆ ಪಿಲಿಕುಳ, ಸೋಮವಾರ ರಜೆ ಅದು ನೋಡ್ಕೊಂಡು ಹೋಗಿ. ಕೋಟೆ ಇಷ್ಟ ಇದ್ರೆ ಕೇರಳದ ಬೇಕಲ, ಸೆಂಟ್ರಲ್‌ನಿಂದ ದಕ್ಷಿಣಕ್ಕೆ ಹೋಗೋ ರೈಲಲ್ಲಿ ಕಾಸರಗೋಡು ದಾಟಿ ಇಳಿಯೋದು. ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಅಂತ ನೆನಪಾದ್ರೆ ಆ ಗೋಡೆ ಮೇಲೆ ನಿಂತು ಸಮುದ್ರ ನೋಡೋದೇ ಬೇರೆ ಥರ ಅನ್ಸುತ್ತೆ. ದಾರೀಲಿ ಮಂಜೇಶ್ವರ, ನಮ್ಮ ಮೊದಲ ರಾಷ್ಟ್ರಕವಿ ಗೋವಿಂದ ಪೈಗಳ ಊರು, ಅವರ ಮನೆ ಇದ್ದ ಜಾಗದಲ್ಲಿ ಗಿಳಿವಿಂಡು ಅಂತ ಸ್ಮಾರಕ ಇದೆ. ಏನೂ ಬೇಡ ಅನ್ಸಿದ್ರೆ ಏನೂ ಮಾಡ್ಬೇಡಿ, ಅದಕ್ಕೇ ಈ ದಿನ ಖಾಲಿ ಇಟ್ಟಿರೋದು.

ತಿನ್ನೋದರ ಬಗ್ಗೆ ಸ್ವಲ್ಪ ಉದ್ದ ಹೇಳ್ಲೇಬೇಕು. ಬೆಳಗ್ಗೆ ಬನ್ಸು, ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟಿನ ಸಿಹಿ ಪೂರಿ ಥರ, ಬಿಸಿ ಇದ್ದಾಗ್ಲೇ ಚಟ್ನಿ ಜೊತೆ. ನೀರುದೋಸೆ ಮೀನುಗಸಿ ಜೊತೆನೂ ಆಗುತ್ತೆ, ಬೆಲ್ಲ ಕಾಯಿತುರಿ ಜೊತೆನೂ ಆಗುತ್ತೆ. ಸಂಜೆ ಗೋಳಿಬಜೆ. ಕೋರಿ ರೊಟ್ಟಿ ತಿನ್ನೋವಾಗ ನಮ್ಮಲ್ಲಿ ತುಂಬಾ ಜನ ಮಾಡೋ ತಪ್ಪು, ರೊಟ್ಟೀನ ಪಕ್ಕದಲ್ಲಿಟ್ಟು ಚಪಾತಿ ಥರ ಅದ್ದಿ ತಿನ್ನೋದು. ಹಾಗಲ್ಲ, ಗರಿಗರಿ ರೊಟ್ಟಿ ತಟ್ಟೇಲಿ ಮುರಿದು ಹಾಕಿ ಮೇಲೆ ಕೋಳಿ ಸಾರು ಸುರಿದು, ಅರ್ಧ ಮೆತ್ತಗೆ ಅರ್ಧ ಗರಿ ಇರೋವಾಗ ತಿನ್ಬೇಕು. ಮೀನಲ್ಲಿ ಮುಳ್ಳಿನ ಭಯ ಇದ್ರೆ ಕಾಣೆ ಅಥವಾ ಅಂಜಲ್ ಫ್ರೈ, ಭಯ ಇಲ್ದಿದ್ರೆ ಬಂಗುಡೆ ಪುಳಿಮುಂಚಿ. ಮೆನು ನೋಡೋದಕ್ಕಿಂತ ಇವತ್ತು ಫ್ರೆಶ್ ಏನಿದೆ ಅಂತ ಕೇಳಿ, ಸಣ್ಣ ಹೋಟೆಲಲ್ಲಿ ನಿಜ ಹೇಳ್ತಾರೆ. ಸಸ್ಯಾಹಾರಿಗಳಿಗೆ ಪತ್ರೊಡೆ, ಮೂಡೆ, ಕೊಟ್ಟೆ ಕಡುಬು ಇದೆ, ಯಾವ ಕೊರತೇನೂ ಇಲ್ಲ. ಕೊನೇಗೆ ಗಡ್‌ಬಡ್ ಐಸ್‌ಕ್ರೀಮ್, ಉದ್ದ ಗ್ಲಾಸಲ್ಲಿ, ಒಬ್ಬರಿಗೆ ಒಂದು ಜಾಸ್ತಿ ಆಗುತ್ತೆ ಅಂತ ಗೊತ್ತಿದ್ರೂ ಒಬ್ಬೊಬ್ರಿಗೆ ಒಂದೊಂದು ತಗೊಳ್ಳಿ.

ನವೆಂಬರ್‌ನಿಂದ ಮೇ ಒಳಗೆ ಹೋಗ್ತಿದ್ರೆ ಒಂದು ರಾತ್ರಿ ಯಕ್ಷಗಾನಕ್ಕೆ ಬಿಡಿ. ಅಲ್ಲಿ ಅದಕ್ಕೆ ಆಟ ಅಂತಾರೆ, ಇವತ್ತು ಹತ್ರದಲ್ಲಿ ಎಲ್ಲಿ ಆಟ ಇದೆ ಅಂತ ಹೋಟೆಲಿನವರನ್ನ ಕೇಳಿದ್ರೆ ಹೇಳ್ತಾರೆ. ಹರಕೆ ಆಟ ಆದ್ರೆ ಟಿಕೆಟ್ ಇಲ್ಲ, ಯಾರು ಬೇಕಾದ್ರೂ ಹೋಗಿ ಕೂರಬಹುದು. ಕಾಲಮಿತಿ ಆಟ ನಡುರಾತ್ರಿ ಸುಮಾರಿಗೆ ಮುಗಿಯುತ್ತೆ, ಉಳಿದಿದ್ದು ಬೆಳಗಿನ ತನಕ. ಚೆಂಡೆ ಶಬ್ದ ಎದೆಗೆ ಬಡಿಯೋದು ಮೊಬೈಲಲ್ಲಿ ಸಿಗಲ್ಲ. ಮಾರನೇ ದಿನ ಬೆಳಗ್ಗೆ ಏನೂ ಇಟ್ಕೋಬೇಡಿ.

ಹೊರಡೋ ದಿನ ಬೆಳಗ್ಗೆ ಸೆಂಟ್ರಲ್ ಮಾರ್ಕೆಟ್ ಕಡೆ ಹೋಗಿ ಕೋರಿ ರೊಟ್ಟಿ ಪ್ಯಾಕೆಟ್ಟು, ಕುಚಲಕ್ಕಿ, ಗೇರುಬೀಜ, ಮಲ್ಲಿಗೆ ತಗೊಳ್ಳಿ. ಒಣಮೀನು ತರೋದಾದ್ರೆ ಎರಡು ಕವರು ಹಾಕಿಸಿ ಮೇಲೆ ಪೇಪರ್ ಸುತ್ತಿಸಿ, ಎಸಿ ಬೋಗೀಲಿ ಪಕ್ಕದವರಿಗೆ ಕಷ್ಟ ಆಗ್ಬಾರದು. ರೊಟ್ಟಿ ಪ್ಯಾಕೆಟ್ಟು ಮಾತ್ರ ಬ್ಯಾಗಿನ ಮೇಲ್ಗಡೆ ಇಡಿ ಅಥವಾ ಕೈಯಲ್ಲೇ ಹಿಡ್ಕೊಳ್ಳಿ, ಕೆಳಗೆ ಹಾಕಿದ್ರೆ ಹಾಸನ ಬರೋಷ್ಟರಲ್ಲಿ ಪುಡಿ.