ಮಡ್ಡಿಯ ಮೇಲೆ ಒಂದು ಮೀಟರ್ ಚೌಕ

ಹನ್ನೆರಡನೇ ಕ್ಲಾಸ್ ಮುಗಿದಾಗ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. ಬಯಾಲಜಿ ಓದಬೇಕು ಅಂದರೆ ಸೀದಾ ಬಿಎಸ್ಸಿ ಸೇರಬಾರದಾ? ನಾನು ಸೇರಿದ್ದು ವಿಜ್ಞಾನ, ಕಲೆ ಎರಡನ್ನೂ ಒಟ್ಟಿಗೆ ಓದಬಹುದಾದ, ಪುಣೆಯ ಒಂದು ಲಿಬರಲ್ ಆರ್ಟ್ಸ್ ಕಾಲೇಜಿಗೆ. ಬಯಾಲಜಿ ಮೇಜರ್, ಅಂದರೆ ಮುಖ್ಯ ವಿಷಯ; ಇತಿಹಾಸ ಮೈನರ್, ಅಂದರೆ ಜೊತೆಯ ವಿಷಯ. ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಕೆಲಸಕ್ಕೆ ಅಂತ ಪುಣೆಗೆ ಬಂದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕ್ಲಾಸಿನಲ್ಲಿ ಇಂಗ್ಲಿಷ್. 'ಇತಿಹಾಸ ಓದಿದವರಿಗೆ ಯಾವ ಲ್ಯಾಬಿನಲ್ಲಿ ಕೆಲಸ ಕೊಡ್ತಾರೆ?' ಅಂತ ಸೋದರಮಾವ ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ವರ್ಷದ ಮಳೆಗಾಲದಲ್ಲಿ ಇತಿಹಾಸದ ಕ್ಲಾಸಿನಲ್ಲಿ ಬ್ರಿಟಿಷರ ಕಾಲದ ಕಂದಾಯದ ಪಾಠ ನಡೆದಿತ್ತು. ಉಳುಮೆ ಇಲ್ಲದ, ಕಂದಾಯ ತಾರದ ಎಷ್ಟೋ ನೆಲವನ್ನು ಅವರ ದಾಖಲೆಗಳಲ್ಲಿ 'ಪಾಳು' ಅಂತ ಬರೆದುಬಿಟ್ಟಿದ್ದರು. ಹುಲ್ಲುಗಾವಲುಗಳೂ ಅದರಲ್ಲೇ ಸೇರಿಹೋದವು. ಅದೇ ವಾರ ಪರಿಸರ ವಿಜ್ಞಾನದ ಮೇಡಂ ನಮ್ಮನ್ನು ವೇತಾಳ ಟೆಕಡಿಗೆ ಕರೆದುಕೊಂಡು ಹೋದರು. ಪುಣೆ ಊರೊಳಗಿನ ಅತಿ ಎತ್ತರದ ಗುಡ್ಡ ಅದು. ಕಪ್ಪು ಬಸಾಲ್ಟ್ ಕಲ್ಲು, ಅದರ ಮೇಲೆ ತೆಳ್ಳಗಿನ ಮಣ್ಣು, ಮೊಣಕಾಲುದ್ದದ ಹುಲ್ಲು. ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು 'ಅರೆ, ಇದು ಮಡ್ಡಿ' ಅಂತ. ನಮ್ಮೂರಲ್ಲಿ ಕಪ್ಪು ಮಣ್ಣಿನ ಎರಿ ಭೂಮಿ ಬೇರೆ, ತೆಳು ಮಣ್ಣಿನ ಕಲ್ಲುನೆಲದ ಮಡ್ಡಿ ಬೇರೆ. ಮಡ್ಡಿಯಲ್ಲಿ ಕುರಿ ಮೇಯುತ್ತವೆ. ಚಿಗರಿ ಓಡಾಡುವುದನ್ನು ಅಲ್ಲೇ ನೋಡಿದ್ದೆ ಅಂತ ಅಜ್ಜ ಹೇಳುತ್ತಿದ್ದರು. ಅಜ್ಜ ಅದನ್ನು ಪಾಳು ಅಂದದ್ದು ನಾನು ಕೇಳಿಲ್ಲ.

ಟೆಕಡಿಯ ಇಳಿಜಾರುಗಳಲ್ಲಿ ಗೊಬ್ಬರದ ಗಿಡ ದಟ್ಟವಾಗಿ ಬೆಳೆದಿದೆ. ಅದೇ, ನಮ್ಮ ಹೊಲದ ಬದುವಿನ ಗ್ಲಿರಿಸಿಡಿಯಾ. ಮಧ್ಯ ಅಮೆರಿಕದ ಕಡೆಯಿಂದ ಬಂದ ಗಿಡ. ಟೊಂಗೆ ನೆಟ್ಟರೂ ಚಿಗುರುತ್ತದೆ, ಬಡ ಮಣ್ಣಲ್ಲೂ ಬೇಗ ಬೆಳೆಯುತ್ತದೆ. 'ಬೋಳು' ಗುಡ್ಡವನ್ನು ಹಸಿರು ಮಾಡಬೇಕು ಅಂದವರಿಗೆ ಇದಕ್ಕಿಂತ ಸುಲಭದ ಗಿಡ ಸಿಕ್ಕೀತಾ? ಆದರೆ ಆ ಗುಡ್ಡ ನಿಜಕ್ಕೂ ಬೋಳಾಗಿತ್ತಾ? ನನ್ನ ಪ್ರಾಜೆಕ್ಟ್ ಹುಟ್ಟಿದ್ದು ಇಲ್ಲಿ. ಗೊಬ್ಬರದ ಗಿಡದ ಕೆಳಗೆ ಎಷ್ಟು ಜಾತಿಯ ಸಸ್ಯ ಇವೆ, ಬಯಲು ಹುಲ್ಲಿನಲ್ಲಿ ಎಷ್ಟು?

ಪಿವಿಸಿ ಪೈಪ್ ಕತ್ತರಿಸಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಮಾಡಿಕೊಂಡೆ. ನೆಲದ ಮೇಲೆ ಇಟ್ಟು, ಒಳಗಿನ ಒಂದೊಂದು ಗಿಡವನ್ನೂ ಎಣಿಸಿ ಬರೆಯುವುದು. ಮೊದಲ ಎರಡು ವಾರದ ಕೆಲಸ ಪೂರ್ತಿ ಹಾಳಾಯಿತು. ಹೂವು ಜಾಸ್ತಿ ಇದ್ದ ಕಡೆಯೇ ಚೌಕ ಇಡುತ್ತಿದ್ದೆ, ನನಗೇ ಗೊತ್ತಾಗದ ಹಾಗೆ. ಮೇಡಂ ನೋಟ್‌ಬುಕ್ ನೋಡಿ ಕೇಳಿದ್ದು ಒಂದೇ: 'ಈ ಚೌಕ ಇಲ್ಲೇ ಯಾಕೆ?' ಆಮೇಲೆ ರ‍್ಯಾಂಡಮ್ ಸಂಖ್ಯೆ ತೆಗೆದು, ಅಷ್ಟು ಹೆಜ್ಜೆ ಎಣಿಸಿ, ಮುಳ್ಳಿದ್ದರೂ ಸರಿ, ಕಲ್ಲಿದ್ದರೂ ಸರಿ, ಅಲ್ಲೇ ಇಡತೊಡಗಿದೆ. ಮೊದಲ ವರ್ಷ ಎಲ್ಲರಿಗೂ ಕಡ್ಡಾಯವಾಗಿದ್ದ ಸ್ಟ್ಯಾಟಿಸ್ಟಿಕ್ಸ್ ಯಾಕೆ ಬೇಕು ಅಂತ ತಿಳಿದದ್ದು ಆ ದಿನ.

ಇನ್ನೊಂದು ತೊಡಕು ಇತ್ತು. ಗಿಡ ನೆಟ್ಟ ಜಾಗದಲ್ಲಿ ಮಣ್ಣೇ ಬೇರೆ ಇದ್ದರೆ? ಆಗ ವ್ಯತ್ಯಾಸ ನೆರಳಿನದ್ದೋ, ಮಣ್ಣಿನದ್ದೋ ಹೇಳಲು ಬರುವುದಿಲ್ಲ. ಅದಕ್ಕೆ ಪ್ರತಿ ಚೌಕದಲ್ಲೂ ಕಬ್ಬಿಣದ ಸರಳು ಚುಚ್ಚಿ ಮಣ್ಣಿನ ಆಳ ಅಳೆದೆ. ಆಳ ಹೆಚ್ಚುಕಡಿಮೆ ಒಂದೇ ಇದ್ದ ಚೌಕಗಳನ್ನು ಮಾತ್ರ ಹೋಲಿಸಿದೆ. ಬಯಲಿನ ಚೌಕಗಳಲ್ಲಿ ಜಾತಿ ಎಣಿಸಲು ಎರಡು ಕೈಯ ಬೆರಳು ಸಾಲುತ್ತಿರಲಿಲ್ಲ. ನೆರಳಿನ ಕೆಳಗೆ ಒಂದು ಕೈ ಸಾಕಾಗುತ್ತಿತ್ತು. ನನ್ನದು ಒಂದೇ ಮಳೆಗಾಲದ, ಒಂದೇ ಗುಡ್ಡದ ಲೆಕ್ಕ. ಅದಕ್ಕಿಂತ ದೊಡ್ಡ ಮಾತು ವರದಿಯಲ್ಲಿ ಬರೆಯಲಿಲ್ಲ.

ಈ ದಾರಿಯಲ್ಲಿ ನಷ್ಟವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಈಗಿನ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160. ಅದರಲ್ಲಿ ಬಯಾಲಜಿಗೆ ಸಿಕ್ಕಿದ್ದು ಒಂದು ಪಾಲು ಮಾತ್ರ. ಬಿಎಸ್ಸಿ ಗೆಳೆಯರು ಬಯೋಕೆಮಿಸ್ಟ್ರಿಯಲ್ಲಿ ನನಗಿಂತ ತುಂಬಾ ಮುಂದಿದ್ದರು. ಉಳ್ಳಾಗಡ್ಡಿ ಬೇರಿನ ತುದಿಯನ್ನು ಸ್ಲೈಡಿನ ಮೇಲೆ ಅದುಮಿ 16 ಕ್ರೋಮೋಸೋಮ್ ಬಿಡಿಬಿಡಿಯಾಗಿ ಕಾಣಿಸುವುದು ಅವರಿಗೆ ಕೈಗೆ ಬಂದ ಕೆಲಸ. ನನಗೆ ಲ್ಯಾಬ್ ಸಮಯ ಕಡಿಮೆ. ಹೆಬ್ಬೆರಳು ಸ್ವಲ್ಪ ಜಾರಿದರೂ ಸಾಕು, ಕೋಶಗಳೆಲ್ಲ ಕಲಸಿಹೋಗುತ್ತಿದ್ದವು. ಎಂಎಸ್ಸಿಗೆ ಅಂತ ಜ್ಯಾಮ್ ಪ್ರವೇಶ ಪರೀಕ್ಷೆ ಬರೆಯುವಾಗ ಬಯೋಟೆಕ್ನಾಲಜಿ ಪೇಪರಿನಲ್ಲಿ ಕೆಮಿಸ್ಟ್ರಿ, ಮ್ಯಾತ್ಸ್, ಫಿಸಿಕ್ಸ್ ಕೂಡ ಬಂದವು. ಎರಡು ಬೇಸಿಗೆ ರಜೆ ಮನೆಯಲ್ಲೇ ಕೂತು ಕೆಮಿಸ್ಟ್ರಿ ಓದಿದೆ. ಈ ಕಡೆ ಬರುವ ಯೋಚನೆ ಇದ್ದರೆ ಮೊದಲ ವರ್ಷವೇ ಕೆಮಿಸ್ಟ್ರಿ ಆಯ್ದುಕೊಳ್ಳಿ, ನನ್ನ ಹಾಗೆ ಮುಂದೂಡಬೇಡಿ.

ಪುಣೆಯ ಸಸ್ಯವಿಜ್ಞಾನಿ ವಿ.ಡಿ. ವರ್ತಕ್ ಮತ್ತು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ 1970ರ ದಶಕದಲ್ಲಿ ಪಶ್ಚಿಮ ಘಟ್ಟದ ದೇವರಾಯಿಗಳನ್ನು, ಅಂದರೆ ನಮ್ಮ ದೇವರಕಾಡುಗಳನ್ನು, ದಾಖಲಿಸಿದ್ದರು. ಅದನ್ನು ಓದಿದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಹೆಚ್ಚಿಸಿಕೊಂಡೆ: ಊರವರು ಕರೆಯುವ ಹೆಸರು.

ನವೆಂಬರ್‌ನಲ್ಲಿ ಅಪ್ಪನನ್ನು ಟೆಕಡಿಗೆ ಕರೆದುಕೊಂಡು ಹೋದೆ. ವಾಪಸ್ ಬರುವಾಗ ಅವರ ಪ್ಯಾಂಟಿನ ತುಂಬ ಹುಲ್ಲಿನ ಬೀಜ ಚುಚ್ಚಿಕೊಂಡಿದ್ದವು. ಒಂದನ್ನು ಕಿತ್ತು ಅವರ ಅಂಗೈ ಮೇಲಿಟ್ಟು, ಬಾಟಲಿಯಿಂದ ಒಂದು ಹನಿ ನೀರು ಬಿಟ್ಟೆ. ಸುರುಳಿಯಾಗಿದ್ದ ಕೂದಲಿನಂಥ ಬಾಲ ನಿಧಾನಕ್ಕೆ ಬಿಚ್ಚುತ್ತಾ ತಿರುಗತೊಡಗಿತು. ತೇವ ಆದಾಗ ಬಿಚ್ಚಿ, ಒಣಗಿದಾಗ ಸುತ್ತಿ, ಆ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಅಪ್ಪ ಬಹಳ ಹೊತ್ತು ನೋಡಿದರು. 'ಊಬಿನ ಹುಲ್ಲು. ಕುರಿ ಕಾಯುವಾಗ ಕಾಲೆಲ್ಲ ಚುಚ್ಚೋದು' ಅಂದರು. ನೋಟ್‌ಬುಕ್ ತೆಗೆದೆ. ಹೆಟೆರೊಪೋಗಾನ್ ಕಂಟಾರ್ಟಸ್ ಅಂತ ಅದರ ವೈಜ್ಞಾನಿಕ ಹೆಸರು ಮೊದಲೇ ಬರೆದಿತ್ತು. ಪಕ್ಕದಲ್ಲಿ ಮರಾಠಿಯ 'ಕುಸಳಿ' ಇತ್ತು. ಅದರ ಕೆಳಗೆ ಊಬಿನ ಹುಲ್ಲು ಅಂತ ಬರೆದೆ.