ಎರಡು ಇನ್ವರ್ಟರ್, ಒಂದು ಮೈಕ್ರೋಗ್ರಿಡ್: ಡ್ರೂಪ್ ಹೊಂದಿಸುವುದು ಹೇಗೆ?

ಮುಖ್ಯ ಗ್ರಿಡ್‌ನಿಂದ ಬೇರ್ಪಟ್ಟ ಸೌರ ಮೈಕ್ರೋಗ್ರಿಡ್‌ನಲ್ಲಿ, ಅಂದರೆ ಸಣ್ಣ ಸ್ಥಳೀಯ ವಿದ್ಯುತ್ ಜಾಲದಲ್ಲಿ, ಏರುಪೇರನ್ನು ತಡೆದುಕೊಳ್ಳಲು ತಿರುಗುವ ಭಾರೀ ಜನರೇಟರ್ ಇರುವುದಿಲ್ಲ. ಮೋಡ ಕವಿದ ಕೂಡಲೇ ಕೊರತೆ ತುಂಬಬೇಕಾದ್ದು ಬ್ಯಾಟರಿ ಇನ್ವರ್ಟರ್‌ಗಳು. ಅವುಗಳ ನಡುವೆ ಸಂವಹನದ ತಂತಿಯಿಲ್ಲದೆಯೇ ಹೊರೆ ಹಂಚುವ ಬಗೆಯನ್ನು 1993ರಲ್ಲಿ ಸಂಶೋಧಕರಾದ ಚಂದೋರ್ಕರ್, ದಿವಾನ್ ಮತ್ತು ಅಡಪ ತೋರಿಸಿದರು. ಹೊರೆ ಏರಿದಂತೆ ಪ್ರತಿ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿಯನ್ನು ತುಸು ಇಳಿಸುತ್ತದೆ. ಇದೇ ಡ್ರೂಪ್.

ಒಂದು 10 ಕಿಲೋವ್ಯಾಟ್, ಇನ್ನೊಂದು 5 ಕಿಲೋವ್ಯಾಟ್ ಇನ್ವರ್ಟರ್ ಇದೆ ಎನ್ನಿ. ಪೂರ್ಣ ಹೊರೆಯಲ್ಲಿ ಎರಡೂ 50 ಹರ್ಟ್ಸ್‌ನಿಂದ 0.5 ಹರ್ಟ್ಸ್ ಇಳಿಯುವಂತೆ ಹೊಂದಿಸಿ. ಅಂದರೆ ಇಳಿಜಾರು ಕಿಲೋವ್ಯಾಟ್‌ಗೆ ದೊಡ್ಡದಕ್ಕೆ 0.05, ಚಿಕ್ಕದಕ್ಕೆ 0.1 ಹರ್ಟ್ಸ್. ಆಗ 9 ಕಿಲೋವ್ಯಾಟ್ ಹೊರೆ ಬಂದರೆ ಎರಡೂ 49.7 ಹರ್ಟ್ಸ್‌ನಲ್ಲಿ ನಿಂತು, 6 ಮತ್ತು 3 ಕಿಲೋವ್ಯಾಟ್ ಹೊರುತ್ತವೆ. ಎರಡಕ್ಕೂ ಒಂದೇ ಇಳಿಜಾರು ಕೊಟ್ಟರೆ 12 ಕಿಲೋವ್ಯಾಟ್ ಹೊರೆಯಲ್ಲಿ ತಲಾ 6 ಬಂದು, ದೊಡ್ಡದರಲ್ಲಿ ಜಾಗವಿದ್ದರೂ ಚಿಕ್ಕದು ಓವರ್‌ಲೋಡ್ ಆಗುತ್ತದೆ.

ಬಳಿಕ ಪವರ್ ಅಳತೆಯಲ್ಲಿನ ವೇಗದ ಏರಿಳಿತವನ್ನು ಸೋಸುವ ಫಿಲ್ಟರ್. ಸಿಂಗಲ್ ಫೇಸ್‌ನಲ್ಲಿ ಪವರ್ 100 ಹರ್ಟ್ಸ್‌ನಲ್ಲಿ ಏರಿಳಿಯುವುದರಿಂದ ಫಿಲ್ಟರ್ ಮಿತಿಯನ್ನು 2ರಿಂದ 5 ಹರ್ಟ್ಸ್ ನಡುವೆ ಇಡಿ. ಹೊರೆ ಹಾಕಿದಾಗ ಪವರ್ ಒಂದು ಇನ್ವರ್ಟರ್‌ನಿಂದ ಇನ್ನೊಂದಕ್ಕೆ ತೂಗಾಡುತ್ತಲೇ ಇದ್ದರೆ ಇಳಿಜಾರು ಕಡಿದಾಗಿದೆ ಎಂದರ್ಥ. ಎರಡನ್ನೂ ಅರ್ಧಕ್ಕೆ ತಗ್ಗಿಸಿ. ಕಡಿಮೆ ವೋಲ್ಟೇಜ್ ಕೇಬಲ್‌ಗಳಲ್ಲಿ ರೆಸಿಸ್ಟೆನ್ಸ್ ಹೆಚ್ಚಿರುವುದೂ ಲೆಕ್ಕವನ್ನು ಕೆಡಿಸುತ್ತದೆ. ಆಗ ಸಾಫ್ಟ್‌ವೇರ್‌ನಲ್ಲೇ ವರ್ಚುವಲ್ ಇಂಡಕ್ಟನ್ಸ್ ಸೇರಿಸಬೇಕು, ಅಂದರೆ ದಾರಿಯಲ್ಲೊಂದು ತಂತಿಸುರುಳಿ ಇದೆಯೋ ಎಂಬಂತೆ ಇನ್ವರ್ಟರ್ ವರ್ತಿಸಬೇಕು. 230 ವೋಲ್ಟ್, 5 ಕಿಲೋವ್ಯಾಟ್‌ಗೆ 1 ಮಿಲಿಹೆನ್ರಿ ಕೊಟ್ಟರೆ ಪೂರ್ಣ ಕರೆಂಟ್‌ನಲ್ಲಿ ಅದರ ಅಡ್ಡಲಾಗಿ ಸುಮಾರು 7 ವೋಲ್ಟ್ ಬೀಳುತ್ತದೆ. 10 ಕಿಲೋವ್ಯಾಟ್‌ಗೆ ಅದರರ್ಧ ಸಾಕು.

ಹೆಚ್ಚಿನವರು ಎಡವುವುದು ಬ್ಯಾಟರಿ ಚಾರ್ಜ್ ಆಗುವ ಹೊತ್ತಿನಲ್ಲಿ. ಆಗ ಪವರ್ ಹಿಮ್ಮುಖ, ಹಾಗಾಗಿ ಫ್ರೀಕ್ವೆನ್ಸಿ 50ರ ಮೇಲೆ ಹೋಗುತ್ತದೆ. ಸೌರ ಇನ್ವರ್ಟರ್ 50.2 ಹರ್ಟ್ಸ್‌ನಲ್ಲೇ ಉತ್ಪಾದನೆ ತಗ್ಗಿಸತೊಡಗುವಂತೆ ಹೊಂದಿಸಿದ್ದರೆ, ನಮ್ಮ ಲೆಕ್ಕದಲ್ಲಿ ಅದು ಬರೀ 6 ಕಿಲೋವ್ಯಾಟ್ ಚಾರ್ಜಿಂಗ್! 15 ಕಿಲೋವ್ಯಾಟ್ ತುಂಬಿಕೊಳ್ಳಬಲ್ಲ ಬ್ಯಾಟರಿ ಹಸಿದಿರುವಾಗಲೇ ಬಿಸಿಲು ವ್ಯರ್ಥ. ಸೌರ ಇನ್ವರ್ಟರ್ 50.6ರಲ್ಲಿ ಇಳಿಯಲು ಶುರುಮಾಡಿ 51.5ಕ್ಕೆ ಸೊನ್ನೆಗೆ ಬರುವಂತೆ ಹೊಂದಿಸಿ. ಬ್ಯಾಟರಿ ತುಂಬುತ್ತ ಬಂದಂತೆ ಡ್ರೂಪ್ ಗೆರೆಯನ್ನೇ (ಹೊರೆಗೆ ತಕ್ಕ ಫ್ರೀಕ್ವೆನ್ಸಿ ತೋರುವ ಗೆರೆ), ಚಾರ್ಜಿಂಗ್ ನಿಲ್ಲುವವರೆಗೆ, ನಿಧಾನವಾಗಿ ಮೇಲೆತ್ತಿ. ಎರಡರ ಗೆರೆಯನ್ನೂ ಸಮವಾಗಿ ಎತ್ತಬೇಕು. ಪ್ರತ್ಯೇಕ ಬ್ಯಾಟರಿಗಳಿದ್ದಾಗ ಒಂದನ್ನೇ ಎತ್ತಿದರೆ ಅದು ಇನ್ನೊಂದರ ಬ್ಯಾಟರಿಗೆ ವಿದ್ಯುತ್ ತಳ್ಳುತ್ತದೆ.

ಫ್ರೀಕ್ವೆನ್ಸಿಯನ್ನು ಮತ್ತೆ 50ಕ್ಕೆ ತರುವ ಎರಡನೇ ಹಂತದ ನಿಯಂತ್ರಣ ಒಂದೇ ಕಡೆ ಇರಲಿ, ಹಲವು ಸೆಕೆಂಡ್ ತೆಗೆದುಕೊಂಡು ಕೆಲಸ ಮಾಡಲಿ. ಎರಡೂ ಇನ್ವರ್ಟರ್ ತಂತಮ್ಮಷ್ಟಕ್ಕೆ ತಿದ್ದಲು ಹೊರಟರೆ ಗಡಿಯಾರಗಳ ಸಣ್ಣ ವ್ಯತ್ಯಾಸವೇ ಕೂಡುತ್ತ ಹೋಗಿ ಹೊರೆಯ ಹಂಚಿಕೆ ಹದಗೆಡುತ್ತದೆ. ಬ್ಯಾಟರಿ ತುಂಬಿದಾಗ ಈ ತಿದ್ದುಪಡಿ ನಿಲ್ಲಬೇಕು, ಇಲ್ಲವಾದರೆ ಫ್ರೀಕ್ವೆನ್ಸಿ ಏರಿಸಿ ಸೌರ ಇನ್ವರ್ಟರ್‌ಗೆ ಕೊಟ್ಟ ಸೂಚನೆಯೇ ಅಳಿಸಿಹೋಗುತ್ತದೆ.

ಮುಖ್ಯ ಗ್ರಿಡ್‌ಗೆ ಮರಳಿ ಸೇರುವಾಗ, 500 ಕೆವಿಎ ಒಳಗಿನ ವ್ಯವಸ್ಥೆಗೆ ಎಂಜಿನಿಯರ್‌ಗಳ ಸಂಸ್ಥೆ ಐಇಇಇಯ 1547 ಮಾನದಂಡದ ಮಿತಿ ಇದು: ಫ್ರೀಕ್ವೆನ್ಸಿ ಅಂತರ 0.3 ಹರ್ಟ್ಸ್, ವೋಲ್ಟೇಜ್ ಶೇ 10, ಫೇಸ್ ಕೋನ (ಎರಡು ಕಡೆಯ ಅಲೆಗಳು ಒಂದಕ್ಕೊಂದು ಹಿಂದುಮುಂದಾಗಿರುವ ಅಳತೆ) 20 ಡಿಗ್ರಿ. 0.1 ಹರ್ಟ್ಸ್ ಅಂತರ ಉಳಿಸಿಕೊಂಡರೆ 10 ಸೆಕೆಂಡಿಗೊಮ್ಮೆ ಫೇಸ್ ಕೂಡುತ್ತದೆ. ಎರಡನ್ನೂ ಜೋಡಿಸುವ ಸ್ವಿಚ್ಚಾದ ಬ್ರೇಕರ್ ಮುಚ್ಚಲು 0.1 ಸೆಕೆಂಡ್ ಹಿಡಿಯುವುದಾದರೆ ಆದೇಶವನ್ನು 3.6 ಡಿಗ್ರಿ ಮೊದಲೇ ಕೊಡಿ.